ಮೂರಡಿ ಮಂಚದ ಕೌದಿ

ಎಂಟು ದಿನದ ಕೆಲಸವೆಂದು ಬಂದ ಬಡಗಿ ಇಪ್ಪತ್ತೊಂದನೆಯ ದಿನವೂ ಅದೇ ಬಾಗಿಲಿನ ಅಂಚು ಹೆರೆಯುತ್ತಿದ್ದ. ಹೀಗೇ ಹೆರೆಯುತ್ತಾ ಹೋದರೆ ಕೊನೆಗೆ ಚಿಲಕವೊಂದೇ ಉಳಿದೀತು ಎಂದು ಅತ್ತೆ ಹಾಲ್‌ನಲ್ಲಿ ಕುಳಿತೇ ಗೊಣಗಿದರು. ಅವನ ಕಿವಿಗೆ ಬೀಳಲಿ ಎಂದೇ ಗೊಣಗಿದ್ದು.

ಕೋಣೆಯೊಳಗೆ ಕಿಟಕಿಯ ಬೆಳಕಿಗೆ ಕುಳಿತು ಕೌದಿ ಹೊಲಿಯುತ್ತಿದ್ದ ಸೊಸೆಗೂ ಅದು ಕೇಳಿಸಿತು. ತಲೆ ಎತ್ತಿದಳು. ಬಡಗಿ ಅವಳನ್ನೇ ನೋಡುತ್ತಿದ್ದ. ಅವಳು ಸೂಜಿಯ ಮೇಲೆ ಕಣ್ಣಿಟ್ಟಳು, ಅವನು ಬಾಗಿಲ ಮೇಲೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಇಬ್ಬರೂ ಸ್ವಲ್ಪ ಹೊತ್ತು ವಿಪರೀತ ಶ್ರದ್ಧೆಯಿಂದ ಕೆಲಸ ಮಾಡಿದರು.

ಬೀದಿಯವರೆಲ್ಲ ಅವಳನ್ನು ಇಂಚಕ್ಕ ಎನ್ನುತ್ತಿದ್ದರು. ರೆಡಿಮೇಡ್ ಅಂಗಡಿಯಲ್ಲಿ ಬಟ್ಟೆ ಆಲ್ಟರ್ ಮಾಡುವುದು ಅವಳ ಕೆಲಸ. ಗಿರಾಕಿ ಮೆಟ್ಟಿಲು ಹತ್ತಿ ಬರುವುದನ್ನು ನೋಡಿಯೇ ಪ್ಯಾಂಟನ್ನು ಎಷ್ಟು ಇಂಚು ಮಡಿಸಬೇಕೆಂದು ಹೇಳಿಬಿಡುತ್ತಿದ್ದಳು. ಆಮೇಲೆ ಟೇಪು ಹಿಡಿದು ನೋಡಿದರೆ ಒಂದು ನೂಲೂ ಹೆಚ್ಚುಕಮ್ಮಿ ಇರುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳ ಅಳತೆ ತಪ್ಪಿದ್ದನ್ನು ಕಂಡವರಿಲ್ಲ.

ಬಡಗಿ ಮಾತ್ರ ಅವಳನ್ನು ಇಂಚು ಮೇಡಂ ಎನ್ನುತ್ತಿದ್ದ. ಬೀದಿಗೆಲ್ಲ ಅಕ್ಕ ಆದವಳು ನಿನಗೊಬ್ಬನಿಗೆ ಮೇಡಂ ಹೇಗಾದಳಪ್ಪಾ ಎಂದು ಅತ್ತೆ ಒಮ್ಮೆ ಕೇಳಿದ್ದಕ್ಕೆ, ಅವನು ಬಾಯಲ್ಲಿ ಮೊಳೆ ಕಚ್ಚಿಕೊಂಡು ಉತ್ತರ ತಪ್ಪಿಸಿಕೊಂಡಿದ್ದ.

ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಣ್ಣ ಬಂದು ಕರೆದಾಗ ಅವಳು ತವರಿಗೆ ಹೋಗಲಿಲ್ಲ. ಆ ದಿನ ಅತ್ತೆ ಅವಳ ಕೈ ಹಿಡಿದು, ಇನ್ನು ಮೇಲೆ ನನಗೆ ಮಗನೂ ನೀನೇ, ಮಗಳೂ ನೀನೇ ಎಂದಿದ್ದರು. ಅಂದಿನಿಂದ ಅತ್ತೆ, ಸೊಸೆ, ಅವಳ ಮಗಳು, ಈಗ ಒಂಬತ್ತು ವರ್ಷದ ಪುಟ್ಟಿ, ಮೂವರಿಗೂ ಒಂದೇ ರೂಮು. ಹಿಂದಿನ ಸಾಮಾನು ಕೋಣೆ ಖಾಲಿ ಮಾಡಿಸಿ, ನಿನಗೂ ಒಂದು ಜಾಗ ಅಂತ ಆಗಲಿ ಎಂದವರೂ ಅತ್ತೆಯೇ. ಗೋಡೆಗೆ ಬಣ್ಣವನ್ನು ಮೂವರೂ ಸೇರಿ ಹಚ್ಚಿಕೊಂಡರು. ಪುಟ್ಟಿ ತನ್ನ ಕೈಗೆಟುಕುವಷ್ಟು ಎತ್ತರಕ್ಕೆ ಹಳದಿ ಬಳಿದು, ಮಿಕ್ಕಿದ್ದನ್ನು ದೊಡ್ಡವರಿಗೆ ಬಿಟ್ಟಿದ್ದಳು. ಶೆಲ್ಫು, ಹೊಲಿಗೆ ಮೇಜು, ಬಾಗಿಲು, ಮೂರಡಿ ಅಗಲದ ಒಂದು ಮಂಚ ಬಡಗಿಯ ಪಾಲಿಗೆ ಬಂದವು.

ಆ ಮಂಚಕ್ಕೆಂದೇ ಅವಳು ಕೌದಿ ಶುರು ಮಾಡಿದ್ದು. ಅಂಗಡಿಯಲ್ಲಿ ಕತ್ತರಿಸಿ ಉಳಿದ ಪ್ಯಾಂಟಿನ ತುದಿಗಳು, ಹಳೆಯ ಕರ್ಟನ್ನು, ಪುಟ್ಟಿಗೆ ಗಿಡ್ಡವಾದ ಫ್ರಾಕು. ಬೂದು ಬಣ್ಣದ ಪಕ್ಕ ಕೆಂಪು ಹೂವಿನ ತುಂಡು ಇಟ್ಟಾಗ ಬೂದುಬಣ್ಣಕ್ಕೂ ಜೀವ ಬರುತ್ತಿತ್ತು. ಅದನ್ನು ನೋಡಿ ಅವಳು ಒಬ್ಬಳೇ ನಗುತ್ತಿದ್ದಳು. ನಾಲ್ಕು ವರ್ಷದಲ್ಲಿ ಯಾರ ಉಪಯೋಗಕ್ಕೂ ಅಲ್ಲದೆ ತನ್ನ ಖುಷಿಗೆಂದು ಮಾಡಿದ ಕೆಲಸ ಇದೊಂದೇ.

ಅಂಗಡಿಯಿಂದ ಬಂದ ಮೇಲೆ ಸಂಜೆಗೊಂದು ಸಾಲು. ಜೋಡಿಸಿದ್ದನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡೇ ಮುಂದಿನ ಸಾಲು ಸೇರಿಸುತ್ತಿದ್ದಳು, ಬಿಡಿಸಿ ನೋಡುತ್ತಿರಲಿಲ್ಲ. ಕೌದಿ ಮುಗಿಯಿತೇ ಎಂದು ಅವನು ಕೇಳುವನು. ಬಾಗಿಲು ಕೂತಿತೇ ಎಂದು ಅವಳು ಕೇಳುವಳು. ಇಲ್ಲ ಎಂದು ಇಬ್ಬರೂ ತಲೆಯಾಡಿಸುವರು. ಇಲ್ಲ ಎನ್ನುವುದರಲ್ಲಿ ಅಷ್ಟು ಸಂತೋಷವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಒಂದು ಸಂಜೆ ಅವನು ಕಿವಿಯ ಮೇಲಿನ ಪೆನ್ಸಿಲ್ ತೆಗೆಯುತ್ತಾ ಕೇಳಿದ್ದ.

"ಇಂಚು ಮೇಡಂ, ನನ್ನ ಎತ್ತರ ಎಷ್ಟು ಹೇಳಿ ನೋಡೋಣ."

"ಐದಡಿ ಒಂಬತ್ತು," ಎಂದಳು, ತಲೆ ಎತ್ತದೆ.

"ನೋಡದೇನೇ ಹೇಳಿಬಿಟ್ರಲ್ಲ."

"ನೋಡಿದೀನಿ."

ಮಾತು ಬಾಯಿಂದ ಜಾರಿದ ಮೇಲೆಯೇ ಅದರ ತೂಕ ತಿಳಿದದ್ದು. ಅವನು ಕೌದಿಯ ಮೇಲೆ ಕೂತಿದ್ದ ಮರದ ಹುಡಿಯನ್ನು ಬಗ್ಗಿ ಮೆಲ್ಲಗೆ ಊದಿದ. ಹುಡಿ ಹಾರಿದ ಮೇಲೂ ಇನ್ನೊಂದು ಸಲ ಊದಿದ.

ಆದರೆ ಗುರುವಾರ ಸಂಜೆ ಅವನು ಬೇರೆಯೇ ಸುದ್ದಿ ತಂದ. ಇನ್ನೊಂದು ಊರಿನಲ್ಲಿ ದೊಡ್ಡ ಹೋಟೆಲು ಕಟ್ಟುತ್ತಿದ್ದಾರಂತೆ, ಇನ್ನೂರು ಬಾಗಿಲು, ಎರಡು ವರ್ಷದ ಕೆಲಸ. ಶನಿವಾರ ಹನ್ನೆರಡು ಗಂಟೆಯೊಳಗೆ ಕಂಟ್ರಾಕ್ಟರ್‌ಗೆ ಉತ್ತರ ಹೇಳಬೇಕು, ಒಪ್ಪಿದರೆ ಸೋಮವಾರವೇ ಹೊರಡಬೇಕು. ಇಷ್ಟನ್ನೂ ಅವನು ಬಾಗಿಲಿಗೆ ಹೇಳಿದ, ಅವಳಿಗಲ್ಲ.

ಒಳ್ಳೆಯ ಕೆಲಸ, ಬಿಡಬೇಡಿ ಎಂದಳು. ಸೂಜಿ ಬೆರಳಿಗೆ ಚುಚ್ಚಿತು. ರಕ್ತ ಬಟ್ಟೆಗೆ ತಾಗಬಾರದೆಂದು ಬೆರಳನ್ನು ಬಾಯಲ್ಲಿಟ್ಟುಕೊಂಡದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಇನ್ನೇನು ಹೇಳಿಬಿಡುತ್ತಿದ್ದಳೋ.

ಹೋಗಬೇಡಿ ಎನ್ನುವುದು ಒಂದೇ ಉಸಿರಿನ ಮಾತು. ಅದನ್ನು ಹೇಳಿದ ಮೇಲೆ ಅತ್ತೆಯ ಮುಖ ಹೇಗೆ ನೋಡುವುದು? ಮಗನೂ ನೀನೇ ಎಂದವರ ಎದುರಿಗೆ, ಆ ಮಗನ ಜಾಗಕ್ಕೆ ಇನ್ನೊಬ್ಬರು ಎಂದು ಯಾವ ಬಾಯಲ್ಲಿ ಹೇಳುವುದು? ಅತ್ತೆ ಬೈದರೆ ತಡೆದುಕೊಳ್ಳಬಹುದಿತ್ತು. ಆದರೆ ಮಗನ ಶರ್ಟುಗಳನ್ನು ಇಂದಿಗೂ ಟ್ರಂಕಿನಲ್ಲಿಟ್ಟು ಬೀಗ ಹಾಕಿರುವ ಹೆಂಗಸು ಮೌನವಾಗಿ ಕುಗ್ಗಿಹೋದರೆ ಅದನ್ನು ತಾನು ತಡೆಯಲಾರೆ ಎಂದು ಅವಳಿಗೆ ಗೊತ್ತಿತ್ತು.

ಶುಕ್ರವಾರ ಮನೆಯಲ್ಲಿ ಸುತ್ತಿಗೆಯ ಸದ್ದು ಬಿಟ್ಟರೆ ಮಾತಿಲ್ಲ. ಅತ್ತೆಯೂ ಗೊಣಗಲಿಲ್ಲ. ಅತ್ತೆ ಗೊಣಗದ ದಿನವೇ ಆ ಮನೆಯವರಿಗೆ ಹೆಚ್ಚು ಭಯ.

ಶನಿವಾರ ಬೆಳಗ್ಗೆ ಬಾಗಿಲು ತಂಟೆಯಿಲ್ಲದೆ ಕೂತುಬಿಟ್ಟಿತು. ಮುಚ್ಚಿದರೆ ಮುಚ್ಚಿತು, ತೆಗೆದರೆ ತೆಗೆಯಿತು. ಅಂಗಡಿಗೆ ರಜೆ ಹಾಕಿ ಮನೆಯಲ್ಲೇ ಉಳಿದಿದ್ದ ಅವಳಿಗೆ ಅದರ ಮೇಲೆ ಸಿಟ್ಟು ಬಂತು. ಅವನು ಸಾಮಾನುಗಳನ್ನು ಚೀಲಕ್ಕೆ ತುಂಬತೊಡಗಿದ. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಪುಟ್ಟಿ ಸ್ಕೂಲಿನಲ್ಲಿದ್ದಳು.

ಅತ್ತೆ ಬಾಗಿಲಲ್ಲಿ ಬಂದು ನಿಂತರು. ಮಂಚ ಆಯಿತು, ಕೌದಿಯನ್ನೂ ಹಾಸಿಬಿಡು, ಒಂದು ಸಲ ಕಣ್ತುಂಬ ನೋಡೋಣ ಎಂದರು. ಒಬ್ಬಳಿಗೆ ಆಗುವುದಿಲ್ಲ, ಇನ್ನೊಂದು ತುದಿ ನೀನು ಹಿಡಿ ಎಂದು ಬಡಗಿಗೂ ಹೇಳಿದರು.

ಇಬ್ಬರೂ ಹಿಡಿದರು. ಒಂದು ಮಡಿಕೆ ಬಿಚ್ಚಿತು. ಎರಡನೆಯದು ಬಿಚ್ಚುವಷ್ಟರಲ್ಲಿ ಮಂಚ ಮುಚ್ಚಿತ್ತು. ಮೂರನೆಯದಕ್ಕೆ ಬಡಗಿ ಎರಡು ಹೆಜ್ಜೆ ಹಿಂದೆ ಸರಿಯಬೇಕಾಯಿತು. ನಾಲ್ಕನೆಯದು ಬಿಚ್ಚಿದಾಗ ಅವನ ಬೆನ್ನು ಗೋಡೆಗೆ ತಾಗಿತು. ಬೂದು, ಕೆಂಪು, ಹಳದಿಯ ಸಾಲುಗಳು ಮಂಚದ ಎರಡೂ ಬದಿಗೆ ಇಳಿದು ನೆಲದ ಮೇಲೆ ಬಿದ್ದುಕೊಂಡವು.

ಸಂಜೆಗೊಂದರಂತೆ ಇಪ್ಪತ್ತಕ್ಕೂ ಹೆಚ್ಚು ಸಾಲು. ಹತ್ತು ಸಾಲಿಗೇ ನಿಲ್ಲಿಸಬೇಕಿತ್ತು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಅತ್ತೆಯ ದನಿ ಏರಲಿಲ್ಲ, ಇಳಿಯಲಿಲ್ಲ. "ಊರವರ ಪ್ಯಾಂಟನ್ನೆಲ್ಲ ಕಣ್ಣಲ್ಲೇ ಅಳೆಯೋಳು, ಮೂರಡಿ ಮಂಚಕ್ಕೆ ಆರಡಿ ಕೌದಿ ಹೊಲಿದೆಯಲ್ಲೇ."

ಅಷ್ಟು ಹೇಳಿ ತಮ್ಮ ರೂಮಿಗೆ ಹೋದರು. ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು.

ಹೊಸ ಬಣ್ಣದ ವಾಸನೆಯ ಆ ಕೋಣೆಯಲ್ಲಿ ಇಬ್ಬರೂ ಕೌದಿಯ ಎರಡು ತುದಿ ಹಿಡಿದು ಹಾಗೇ ನಿಂತಿದ್ದರು. ಬಿಟ್ಟರೆ ಏನೋ ಮುಗಿದುಹೋಗುತ್ತದೆ ಎನ್ನುವಂತೆ ಯಾರೂ ಬಿಡಲಿಲ್ಲ. ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡು ಸುಮ್ಮನಾಯಿತು.

"ಲೆಕ್ಕ ತಪ್ಪಿತಾ?" ಎಂದ. ತಮಾಷೆಗೆಂದು ಕೇಳಲು ಹೊರಟಿದ್ದು ತಮಾಷೆಯಾಗಿ ಹೊರಬರಲಿಲ್ಲ.

ತಪ್ಪಿತು ಎಂದರೆ ಎಲ್ಲ ಸರಿಹೋಗುತ್ತಿತ್ತು. ಅರ್ಧ ಬಿಚ್ಚಿ ಪುಟ್ಟಿಗೊಂದು ಚಿಕ್ಕ ಕೌದಿ ಮಾಡಿಕೊಳ್ಳಬಹುದು, ಅವನು ಸೋಮವಾರದ ಬಸ್ಸು ಹತ್ತಬಹುದು. ಅವಳು ಅವನ ಮುಖವನ್ನು ನೇರವಾಗಿ ನೋಡಿದಳು.

"ನನಗೆ ಲೆಕ್ಕ ತಪ್ಪಲ್ಲ," ಎಂದಳು. "ಹೋಗಬೇಡಿ."

ಅವನು ಕೌದಿಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಆದ್ರೆ ಅತ್ತೆಯನ್ನ ಬಿಟ್ಟು ನಾನೆಲ್ಲಿಗೂ ಬರಲ್ಲ. ಅವರು ಬೇಡ ಅಂದ್ರೆ..."

"ಬನ್ನಿ ಅಂತ ಯಾರು ಕರೆದ್ರು?" ಎಂದ ಅವನು. "ನನ್ನ ಮನೇಲಿ ಒಂದು ಬಾಗಿಲೂ ನೆಟ್ಟಗೆ ಮುಚ್ಚಲ್ಲ. ಅಲ್ಲಿಗೆ ನಿಮ್ಮನ್ನ ಕರೀತೀನಾ? ನಾನೇ ಬರ್ತೀನಿ. ನಿಮ್ಮತ್ತೆ ಒಪ್ಪಿದ್ರೆ."

ಆ ಕಡೆಯಿಂದ ಕಬ್ಬಿಣದ ಸದ್ದು ಬಂತು. ಟ್ರಂಕಿನ ಮುಚ್ಚಳದ್ದು. ಆ ಟ್ರಂಕು ತೆರೆದ ದಿನ ಅತ್ತೆ ಊಟ ಮಾಡುತ್ತಿರಲಿಲ್ಲ.

ಚಿಲಕ ಸರಿಯಿತು. ಅತ್ತೆಯ ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಮಡಿಚಿದ ನಾಲ್ಕು ನೀಲಿ ಶರ್ಟು. ಅವನ್ನು ಕೌದಿಯ ಮೇಲಿಟ್ಟು, ಒಂದರ ಕಾಲರನ್ನು ಸರಿಮಾಡಿದರು.

"ಇಷ್ಟುದ್ದ ಕೌದೀಲಿ ನನ್ನ ಮಗನದ್ದು ಒಂದು ತುಂಡೂ ಇಲ್ಲ. ಕೇಳಿದ್ರೆ ಕೊಡ್ತಿರಲಿಲ್ವಾ ನಾನು?"

"ಕೇಳೋಕೆ ಧೈರ್ಯ ಬರಲಿಲ್ಲ ಅತ್ತೆ."

"ಏನೇನನ್ನ ಕೇಳೋಕೆ ಧೈರ್ಯ ಬರಲಿಲ್ಲವೋ ನಿನಗೆ." ಅತ್ತೆ ಮೂಗು ಒರೆಸಿಕೊಂಡರು. "ಮಧ್ಯಕ್ಕೆ ಹಾಕಬೇಡ, ಅಂಚಿಗೆ ಹಾಕು. ಅಂಚಲ್ಲಿದ್ರೆ ಎಲ್ಲರ ಸುತ್ತ ಇರ್ತಾನೆ."

ಅವಳು ಅತ್ತೆಯ ಭುಜದಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾಲ್ಕು ವರ್ಷದಿಂದ ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಅತ್ತಿದ್ದರು, ಒಟ್ಟಿಗೆ ಅತ್ತದ್ದು ಈಗಲೇ. ಬಡಗಿ ಕೌದಿಯ ತುದಿ ಹಿಡಿದುಕೊಂಡೇ, ಎಲ್ಲಿ ನೋಡಬೇಕೆಂದು ತಿಳಿಯದೆ, ತಾನೇ ಮಾಡಿದ ಶೆಲ್ಫನ್ನು ನೋಡುತ್ತಿದ್ದ.

"ಅಲ್ಲೇನು ನೋಡ್ತೀಯ?" ಅತ್ತೆ ಅವನ ಕಡೆ ತಿರುಗಿದರು. "ಮಂಚ ಚಿಕ್ಕದಾಯ್ತು. ಇದು ಪುಟ್ಟಿಗಾಗುತ್ತೆ. ಇನ್ನೊಂದು ಮಾಡು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಚೀಲಕ್ಕೆ ಹಾಕಿದ್ದ ಟೇಪನ್ನು ಮತ್ತೆ ಹೊರಗೆ ತೆಗೆದ. "ಅಳತೆ ಅಮ್ಮಾ?"

"ಕಣ್ಣೆದುರಿಗೇ ಹಾಸಿದೆಯಲ್ಲ, ಅಳತೆ ತಗೋ."

ಟೇಪಿನ ತುದಿಯನ್ನು ಅವನು ಅವಳ ಕೈಗೆ ಕೊಟ್ಟ. ಬೆರಳಿಗೆ ಬೆರಳು ತಾಗಿತು. ಈ ಸಲ ಇಬ್ಬರೂ ಕಣ್ಣು ತಪ್ಪಿಸಲಿಲ್ಲ. ಅಷ್ಟರಲ್ಲಿ ಫೋನ್ ಮತ್ತೆ ಹೊಡೆದುಕೊಂಡಿತು. ಹನ್ನೆರಡಕ್ಕೆ ಐದು ನಿಮಿಷವಿತ್ತು.

"ಬರೋಕಾಗಲ್ಲ ಸಾರ್," ಎಂದ ಅವನು. "ಇಲ್ಲೊಂದು ಮಂಚದ ಕೆಲಸ ಬಂದಿದೆ."

ಒಂದು ಮಂಚಕ್ಕೆ ಎಷ್ಟು ದಿನ ಬೇಕಯ್ಯಾ ಎಂದು ಆ ಕಡೆಯವನು ಕೂಗಿದ್ದು ಕೋಣೆಗೆಲ್ಲ ಕೇಳಿಸಿತು. ಬಡಗಿ ಟೇಪಿನ ಆ ತುದಿ ಹಿಡಿದು ನಿಂತಿದ್ದವಳನ್ನು ನೋಡಿದ. ಅವಳು ನಗು ತಡೆಯಲು ತುಟಿ ಕಚ್ಚಿಕೊಂಡು ಇಲ್ಲವೆಂದು ಮೆಲ್ಲಗೆ ತಲೆಯಾಡಿಸಿದಳು.

"ಇದು ಮುಗಿಯೋ ಕೆಲಸ ಅಲ್ಲ ಸಾರ್," ಎಂದ.