ಕೇದಾರ್ ಓದದ ಪ್ರೊಫೈಲ್

ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವ ಕೇದಾರ್, ಶಿವರಂಜಿನಿಯ ಪ್ರೊಫೈಲ್ ಓದದೆ ಇರುತ್ತಾನೆಯೇ? ಓದಿದ್ದಾನೆ. ಓದಿಯೂ ಸುಮ್ಮನಿದ್ದಾನೆ. ಅವಳ ಕೋಪಕ್ಕೆ ಇಷ್ಟು ಸಾಕಾಗಿತ್ತು.

ಗಾಂಧಿ ಬಜಾರಿನ ಹೂವಿನಂಗಡಿಗಳ ಮೇಲಿನ ಮಹಡಿಯಲ್ಲಿ ಅವರ ಪುಟ್ಟ ಕಂಪನಿ. ಇಸವಿ 2001. ಇಂಟರ್ನೆಟ್ಟಿನಲ್ಲಿ ಸಂಬಂಧ ಹುಡುಕಿಕೊಡುತ್ತೇವೆಂದರೆ ಜನ ನಗುತ್ತಿದ್ದ ಕಾಲ. ಗಂಡು ಹೆಣ್ಣುಗಳ ವಿವರ ತುಂಬುವುದು ಶಿವರಂಜಿನಿಯ ಕೆಲಸ, ಅದನ್ನು ಕಳ್ಳರಿಂದ ಕಾಯುವುದು ಕೇದಾರನ ಕೆಲಸ. ಒಂದು ಮಧ್ಯಾಹ್ನ, ಧೈರ್ಯ ಎಲ್ಲಿಂದ ಬಂತೋ, ಅವಳು ತನ್ನದೇ ಪ್ರೊಫೈಲ್ ತುಂಬಿ 'ಯಾರಿಗೂ ತೋರಿಸಬೇಡಿ' ಎಂದು ಗುರುತು ಹಾಕಿಬಿಟ್ಟಳು. ಅಂಥವನ್ನು ತೆರೆಯುವ ಅಧಿಕಾರ ಕೇದಾರನೊಬ್ಬನಿಗೇ ಇತ್ತು. 'ಎಂಥ ವರ ಬೇಕು' ಎಂಬಲ್ಲಿ ಬರೆದಳು: ಕಡಲೆಕಾಯಿ ಪೊಟ್ಟಣದ ಕಾಗದ ಓದುವವರು.

ಅಂದಿನಿಂದ ಅವನು ತಲೆಯೆತ್ತಿದಾಗಲೆಲ್ಲ ಅವಳ ಎದೆ ಧಸಕ್ಕೆನ್ನುತ್ತಿತ್ತು. ಅವನ ಕಣ್ಣು ಅವಳ ಜಡೆಯ ಮಲ್ಲಿಗೆಯ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ, "ಕಾಫಿ ಬಂತಾ?" ಅಷ್ಟೇ. ಕಾದು ಕಾದು ಸಾಕಾಗಿ, ಭಾನುವಾರ ನೋಡಲು ಬರುವ ಚಾಮರಾಜಪೇಟೆಯ ಗಂಡಿಗೆ ಅವಳು ಮನೆಯಲ್ಲಿ ಹೂಂ ಅಂದುಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಶ್ರೀನಿವಾಸಯ್ಯ ಎಂಬವರು ಮೆಟ್ಟಿಲು ಹತ್ತಿ ಬಂದು ಕೂಗಾಡಿದರು. ಯಾರೋ ಕಂಪನಿಯ ವೆಬ್‌ಸೈಟಿಗೆ ನುಗ್ಗಿ ಅವರ ಮಗಳ ಫೋಟೋ, ಫೋನ್ ನಂಬರ್ ಕದ್ದು ಮನೆಗೆ ಅಸಹ್ಯದ ಕರೆ ಮಾಡುತ್ತಿದ್ದರು. ಕೇದಾರ್ ಎಷ್ಟು ಬೇಡಿಕೊಂಡರೂ ಮಾಲೀಕ ಮಧುಸೂದನ್ ಪಾಸ್‌ವರ್ಡನ್ನು ಮಾನಿಟರಿಗೆ ಅಂಟಿಸಿಯೇ ಇಟ್ಟಿದ್ದ. ಬಂದುಹೋಗುವ ಗಿರಾಕಿಗಳೆಲ್ಲ ಅದನ್ನು ಓದಬಹುದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಧುಸೂದನ್ ತಿರುಗಿಬಿದ್ದದ್ದು ಕೇದಾರನ ಮೇಲೆ.

"ಎಲ್ಲಾ ಕೀ ಇರೋದು ನಿನ್ ಹತ್ರ. ಮುಚ್ಚಿಟ್ಟಿರೋ ಪ್ರೊಫೈಲೂ ನೋಡ್ತಿರ್ತೀಯಲ್ಲ, ಯಾರಿಗಾದ್ರೂ ಹೇಳಿದ್ಯಾ?"

"ಒಂದನ್ನೂ ತೆಗೆದು ನೋಡಿಲ್ಲ ಸಾರ್," ಎಂದ ಕೇದಾರ್. "ಕೀ ಇದೆ ಅಂತ ಇನ್ನೊಬ್ರ ಮನೆ ಒಳಗೆ ಹೋಗಕ್ಕಾಗುತ್ತಾ?"

ಶಿವರಂಜಿನಿ ಕುಳಿತಲ್ಲೇ ಕರಗಿದಳು. ಇಷ್ಟು ದಿನ ಸುಮ್ಮಸುಮ್ಮನೆ ಸಿಟ್ಟು ಮಾಡಿಕೊಂಡಿದ್ದಳು, ಹುಚ್ಚಿ.

ಸಂಜೆ ಮಧುಸೂದನ್ ಕ್ಷಮೆ ಕೇಳಲು ಶ್ರೀನಿವಾಸಯ್ಯನವರ ಮನೆಗೆ ಹೋದ. ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿ ಮುಗಿಸಿದ ಕೇದಾರ್ ಕಡಲೆಕಾಯಿ ಪೊಟ್ಟಣ ಬಿಚ್ಚಿದ.

"ಒಂದು ಪ್ರೊಫೈಲ್ ತೆಗೀರಿ," ಎಂದಳು ಅವಳು.

"ಬೇಡ್ರೀ. ಬೆಳಿಗ್ಗೆ ತಾನೇ ಹೇಳಿದ್ನಲ್ಲ."

"ಅದು ನಂದು. ನಾನೇ ಹೇಳ್ತಿದೀನಿ, ತೆಗೀರಿ."

ಅವನು ಓದಿದ. ಮತ್ತೊಮ್ಮೆ ಓದಿದ. ಕಿವಿ ಕೆಂಪಾಯಿತು.

"ಇದನ್ನ ಸೈಟಿಂದ ಅಳಿಸಿಬಿಡ್ಲಾ?"

"ಯಾಕೆ?"

"ಮತ್ತೆ ಯಾರಾದ್ರೂ ನುಗ್ಗಿ ಓದ್ಬಿಟ್ರೆ? ನನಗೆ ಬರೆದಿದ್ದು ನನ್ ಹತ್ರಾನೇ ಇರ್ಲಿ."

"ಭಾನುವಾರ ನನ್ನ ನೋಡಕ್ಕೆ ಬರ್ತಿದಾರೆ, ಕೇದಾರ್."

"ನಾಳೇನೇ ನಮ್ಮಮ್ಮನ್ನ ಕರ್ಕೊಂಡು ನಾನು ಬರ್ತೀನಿ. ಬರ್ಲಾ?"

"ಬನ್ನಿ," ಎಂದಳು. ಅಳು ಬಂತು, ನಗುವೂ ಬಂತು.

ಕಡಲೆಕಾಯಿಯನ್ನು ಇಬ್ಬರೂ ಹಂಚಿಕೊಂಡು ತಿಂದರು. ಪೊಟ್ಟಣದ ಕಾಗದವನ್ನು ಅವನು ಓದದೆಯೇ ಬುಟ್ಟಿಗೆ ಎಸೆದ.