ಉಸಿರಾಡಿದ ಗೋಪುರಗಳು

ಬಹಳ ಹಿಂದೆ, ಇಟಲಿ ದೇಶದ ಒಂದು ಬೆಟ್ಟದ ನೆತ್ತಿಯಲ್ಲಿ ರೊಕ್ಕಲೂನಾ ಎಂಬ ಪುಟ್ಟ ಊರಿತ್ತು. ಯುದ್ಧಕ್ಕೆ ಹೆದರಿ ಬಯಲಿನಿಂದ ಓಡಿಬಂದವರು ಬೆನ್ನ ಮೇಲೆ ಕಲ್ಲು ಹೊತ್ತು ಕಟ್ಟಿದ ಊರು. ಅವರ ಮೊಮ್ಮಕ್ಕಳಿಗೆ ಹೊರಗೆ ಶತ್ರುಗಳಿರಲಿಲ್ಲ, ಒಳಗೇ ಹುಡುಕಿಕೊಂಡರು. ಮನೆಗೊಂದು ಗೋಪುರ. ನೆರೆಯವರದು ಮೊಳ ಏರಿದರೆ ತಮ್ಮದು ಮಾರು ಏರಬೇಕು.

ಒಂದು ದಿನ ಮಲಾಗ್ರೋ ಎಂಬ ಮಾಂತ್ರಿಕ ಬಂದ. ಮನೆಗೊಬ್ಬರು ಗೋಪುರದ ಬುಡದಲ್ಲಿ ನಿಂತರೆ ಸಾಕು, ಎಲ್ಲವನ್ನೂ ಮೋಡ ಮುಟ್ಟಿಸುತ್ತೇನೆ ಎಂದ. ಊರು ಒಪ್ಪಿತು.

ಬೆಳಗಾದಾಗ ಗೋಪುರಗಳು ಮೋಡ ಮುಟ್ಟಿದ್ದವು. ನಿಂತವರು ಮಾತ್ರ ಇರಲಿಲ್ಲ. ಲವೀನಿಯಾ ಎಂಬ ಹುಡುಗಿ ಅಪ್ಪನನ್ನು ಹುಡುಕುತ್ತಾ ತಮ್ಮ ಗೋಪುರದ ಗೋಡೆಗೆ ಕೈಯಿಟ್ಟಳು. ಕಲ್ಲು ಬೆಚ್ಚಗಿತ್ತು. ಕಲ್ಲಿನೊಳಗಿಂದ ಅಪ್ಪನ ಕಣ್ಣು ರೆಪ್ಪೆ ಬಡಿಯಿತು. ಅಪ್ಪಾ ಎಂದು ಅವಳು ಚೀರಿದಳು. ಬೀದಿಯುದ್ದಕ್ಕೂ ಜನ ತಮ್ಮ ತಮ್ಮ ಗೋಡೆಗಳ ಮುಂದೆ ಬಾಯಿ ತೆರೆದು ನಿಂತಿದ್ದರು.

ಲವೀನಿಯಾ ಬೆಟ್ಟದ ಬುಡದಲ್ಲಿದ್ದ ಮಾಂತ್ರಿಕನ ಗವಿಗೆ ಇಳಿದಳು. ಮೊದಲ ಬಾಗಿಲಲ್ಲಿ ಕಬ್ಬಿಣದ ತೋಳ ಅವಳ ಕೈಯನ್ನು ಬಾಯಲ್ಲಿ ಹಿಡಿದು, ಗೋಪುರ ನಿನಗೂ ಬೇಕಿತ್ತೇ ಎಂದು ಕೇಳಿತು. ಸುಳ್ಳಾಡಿದರೆ ಕೈ ಹೋಗುತ್ತಿತ್ತು. ಬೇಕಿತ್ತು ಎಂದಳು. ತೋಳ ದಾರಿ ಬಿಟ್ಟಿತು. ಎರಡನೆಯ ಬಾಗಿಲಲ್ಲಿ ಕನ್ನಡಿಯಂಥ ಹಾವು, ಯಾರ ಗೋಪುರ ಮೊದಲು ಉರುಳಬೇಕು ಎಂದಿತು. ನಮ್ಮದು ಎಂದಳು. ಹಾವೂ ಸರಿಯಿತು.

ಮೂರನೆಯ ಬಾಗಿಲಲ್ಲಿ ಮಲಾಗ್ರೋನೇ ಕೂತಿದ್ದ. ತೋಳವನ್ನೂ ಹಾವನ್ನೂ ದಾಟಿದವರಿಗೆ ಬಿಡುಗಡೆಯ ಉಪಾಯವನ್ನು ಅವನು ಹೇಳಲೇಬೇಕೆಂಬ ಕಟ್ಟಳೆಯಿತ್ತು. ಸುತ್ತಿಗೆಯೊಂದನ್ನು ಎಸೆದು ನಕ್ಕ.

"ಇದರಿಂದ ನಿಮ್ಮಪ್ಪನ ಹಣೆಗೆ ಹೊಡಿ. ಹೊಡೆಯುವ ನಿನ್ನ ಎದೆಯಲ್ಲಿ ಗೋಪುರದ ಆಸೆ ಎಳ್ಳಷ್ಟು ಉಳಿದಿದ್ದರೂ ಅವನು ಚೂರಾಗುತ್ತಾನೆ."

ಅವಳು ಮರಳಿ ಬಂದು ಹೇಳಿದ್ದನ್ನು ಕೇಳಿ ಊರು ನಡುಗಿತು. ಲವೀನಿಯಾ ಅಪ್ಪನ ಕಣ್ಣನ್ನೇ ನೋಡುತ್ತಾ ಸುತ್ತಿಗೆ ಎತ್ತಿದಳು, ಹೊಡೆದಳು. ಗೋಪುರ ಧೂಳಾಗಿ ಕುಸಿಯಿತು. ಧೂಳಿನೊಳಗಿಂದ ಅಪ್ಪ ಕೆಮ್ಮುತ್ತಾ ಎದ್ದುಬಂದ.

ಒಂದೊಂದೇ ಮನೆಯವರು ಸುತ್ತಿಗೆ ಪಡೆದು ಹೊಡೆದು ತಮ್ಮವರನ್ನು ಬಿಡಿಸಿಕೊಂಡರು. ಕೊನೆಗೆ ಉಳಿದವನು ಉಬಾಲ್ದೊ. ಅವನದೇ ಎಲ್ಲಕ್ಕಿಂತ ಎತ್ತರದ ಗೋಪುರ, ಅದರೊಳಗೆ ಅವನ ಹೆಂಡತಿ ಜಿನೆವ್ರಾ. ಅವನ ಕಣ್ಣು ಮೋಡದತ್ತ ಹೋಗುತ್ತಲೇ ಇತ್ತು. ಅದನ್ನು ಕಂಡು ಜನಕ್ಕೆ ಮೈ ಜುಮ್ಮೆಂದಿತು.

"ಗೋಪುರ ಬೇಕೋ, ಜಿನೆವ್ರಾ ಬೇಕೋ?" ಲವೀನಿಯಾ ಕೇಳಿದಳು.

ಅವನು ಸುತ್ತಿಗೆ ಎತ್ತಿದ, ಇಳಿಸಿದ, ಮತ್ತೆ ಎತ್ತಿದ, ಮತ್ತೆ ಇಳಿಸಿದ. ಆಮೇಲೆ ಮುಖ ಮುಚ್ಚಿಕೊಂಡು ಅತ್ತ.

"ಇಷ್ಟು ಹೊತ್ತು ಯೋಚಿಸಿದೆನಲ್ಲ" ಎಂದು ಹೇಳಿ ಹೊಡೆದ.

ಕೊನೆಯ ಗೋಪುರ ಬಿದ್ದಿತು. ಜಿನೆವ್ರಾ ಹೊರಬಂದು ಗಂಡನ ಕಣ್ಣೊರೆಸಿದಳು. ಊರಿನ ಸೊಕ್ಕನ್ನೇ ಉಂಡು ಬದುಕಿದ್ದ ಮಲಾಗ್ರೋ ಗವಿಯಲ್ಲೇ ಒಣಗಿ ಹೊಟ್ಟಾದ, ಗಾಳಿಗೆ ಹಾರಿಹೋದ. ಉಬಾಲ್ದೊನ ಅಂಗಳದಲ್ಲಿ ಊರಿಗೆ ಊರೇ ಕೂತು ರೊಟ್ಟಿ, ಆಲಿವ್ ಎಣ್ಣೆ ಹಂಚಿಕೊಂಡು ಉಂಡಿತು. ಅಂದಿನಿಂದ ರೊಕ್ಕಲೂನಾದ ಜನ ಅಕ್ಕಪಕ್ಕದಲ್ಲಿ ನಗುನಗುತ್ತಾ ಬಾಳಿದರು.