ಪೆದ್ದನ ಪಯಣಕ್ಕೆ ಐದರಲ್ಲಿ ಎರಡೂವರೆ

"ಈ ಗೇಮ್ ವಾಪಸ್ ತಗೊಳ್ಳಿ ಆಂಟಿ. ಈಗಲೇ!"

ಹರ್ಷಿತಾ ಆ ಪುಟ್ಟ ಡಬ್ಬಿಯನ್ನು ಕುಕ್ಕಿದ ರಭಸಕ್ಕೆ ಕೌಂಟರಿನ ಗಾಜು ನಡುಗಿತು. ಆರ್.ಟಿ. ನಗರದಲ್ಲಿ ಹಳೆಯ ವಿಡಿಯೋ ಗೇಮ್‌ಗಳನ್ನು ಕೊಂಡು ಮಾರುವ ಜಾಹಿದಾ ಕನ್ನಡಕದ ಮೇಲಿನಿಂದ ನೋಡಿದರು.

"ಯಾಕಮ್ಮಾ, ಓಡ್ತಾ ಇಲ್ವಾ?"

"ಓಡುತ್ತೆ ಆಂಟಿ, ಅದೇ ಪ್ರಾಬ್ಲಮ್ಮು. ಓಡ್ತಾನೇ ಇರುತ್ತೆ! ಒಂದೇ ಜೋಕನ್ನ ಐವತ್ತು ಸಲ ಹೇಳುತ್ತೆ. ಒಂದೂರಿಂದ ಇನ್ನೊಂದೂರಿಗೆ ನಡೆದೂ ನಡೆದೂ ನನ್ನ ಹೆಬ್ಬೆರಳು ಸವೆದು ಹೋಯ್ತು."

ಹಿಂದಿನಿಂದ ಯಾರೋ ಕೆಮ್ಮಿದರು. ಬೇಕೆಂದೇ ಕೆಮ್ಮಿದ ಕೆಮ್ಮು ಅದು.

"ಎಷ್ಟು ಹೊತ್ತು ಆಡಿದ್ರಿ?"

ತಿರುಗಿದಳು. ಎತ್ತರದ ಹುಡುಗ. ಶರಟಿನ ಒಂದು ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಕಣ್ಣುಗಳಲ್ಲಿ ಮಾತ್ರ ನಿಜವಾದ ಸಂಕಟ, ಅವಳು ಬೈದದ್ದು ಅವನ ಮನೆಯವರನ್ನೇ ಎಂಬಂತೆ.

"ಆರು ಗಂಟೆ."

"ಆರು ಗಂಟೇಲಿ ಅದು ಶುರುನೇ ಆಗಿರಲ್ಲ ಕಣ್ರೀ!"

"ಆರು ಗಂಟೆ ಆದ್ರೂ ಶುರುವಾಗದ ಗೇಮನ್ನ ಯಾವ ಪುಣ್ಯಾತ್ಮ ಆಡ್ತಾನೆ?"

"ನಾನು." ಹಾಜರಿ ಹೇಳುವವನಂತೆ ಕೈ ಎತ್ತಿದ. "ಮೂರು ಸಲ ಮುಗಿಸಿದೀನಿ. ಒಬ್ರೇ ಆಡಿದ್ರಾ?"

"ಮತ್ತೆ? ಬ್ಯಾಂಡ್ ಸೆಟ್ ಕರೆಸ್ಬೇಕಿತ್ತಾ?"

"ಅದು ಇಬ್ರು ಕೂತು ಆಡೋ ಗೇಮು! ಒಬ್ಬ ಪೆದ್ದು ಮಾತಾಡ್ಬೇಕು, ಇನ್ನೊಬ್ಬ ತಕ್ಷಣ ಬೈಬೇಕು. ಒಬ್ರೇ ಕೂತು ಆಡಿದ್ರೆ, ತಮ್ಮ ಮದುವೇಲಿ ತಾವೇ ಮುಯ್ಯಿ ಬರೆದ ಹಾಗೆ."

ನಗಬಾರದು ಎಂದುಕೊಂಡಳು. ತುಟಿ ಕೇಳಲಿಲ್ಲ... ನಕ್ಕುಬಿಟ್ಟಿತು!

"ನಿಮ್ಮ ಹೆಸರು?"

"ಅನಂತರಾಜು."

"ಐವತ್ತು ವರ್ಷದ ಯಜಮಾನ್ರ ಹೆಸರು ಅದು."

"ನಮ್ಮ ತಾತಂದು. ಅವ್ರು ವಾಪಸ್ ಕೇಳ್ಲಿಲ್ಲ, ಇಟ್ಕೊಂಡೆ."

ಜಾಹಿದಾ ಡಬ್ಬಿಯನ್ನು ಅವಳ ಕಡೆಗೇ ತಳ್ಳಿದರು. "ತಗೊಂಡ್ ಹೋಗು ಬೇಟಾ. ನಿಮ್ಮಿಬ್ಬರ ಜಗಳ ಮುಗೀಲಿ, ಆಮೇಲೆ ನಾನು ತಗೋತೀನಿ."

ಆ ಗೇಮಿನ ಹೆಸರು 'ಬಾಕಾ ನೋ ತಾಬಿ'. ಪೆದ್ದನ ಪಯಣ ಎಂದು ಅರ್ಥ. ಜಪಾನಿನಲ್ಲೇ ಹೆಚ್ಚು ಜನ ಆಡಿರದ ಅದನ್ನು ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ಇಬ್ಬರು ಆಡಿದ್ದರು. ಆ ಇಬ್ಬರೂ ಒಂದೇ ಸಂಜೆ ಒಂದೇ ಅಂಗಡಿಯಲ್ಲಿ ಸಿಕ್ಕಿದ್ದರು. ಇಂಥದ್ದನ್ನು ವಿಧಿ ಎನ್ನುವವರಿದ್ದಾರೆ. ಹರ್ಷಿತಾ ಮಾತ್ರ 'ಗ್ರಹಚಾರ' ಎಂದುಕೊಂಡು ನಂಬರ್ ಕೊಟ್ಟಳು.

ಅವಳು ಹೆಬ್ಬಾಳದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಹಗಲು ಊರವರ ಮಂಡಿ ಬಗ್ಗಿಸುತ್ತಿದ್ದಳು. ಸಂಜೆ ಕೆಂಪಾಪುರದ ಮನೆಯಲ್ಲಿ ಕೂತು ಕನ್ನಡದಲ್ಲಿ ಗೇಮ್ ವಿಮರ್ಶೆಯ ವಿಡಿಯೋ ಮಾಡುತ್ತಿದ್ದಳು. ನೋಡುವವರು ಕಡಿಮೆ. ಆದರೆ ಅವಳು ಯಾವ ಗೇಮಿಗೂ ಸುಳ್ಳು ಅಂಕ ಕೊಟ್ಟವಳಲ್ಲ.

ಅನಂತರಾಜು ಬಾಗಲೂರಿನಲ್ಲಿ ಮನೆಯವರ ಕಲ್ಯಾಣ ಮಂಟಪ ನೋಡಿಕೊಳ್ಳುತ್ತಿದ್ದ. ಆಗ ಆಷಾಢ. ಮದುವೆಗಳಿಲ್ಲ. ಸಾವಿರ ಜನ ಹಿಡಿಸುವ ಹಾಲ್ ಖಾಲಿ. ಮದುಮಕ್ಕಳ ಫೋಟೋ ತೋರಿಸುವ ದೊಡ್ಡ ಪರದೆಯೂ ಖಾಲಿ.

"ಬನ್ನಿ, ಗೋಡೆಯಷ್ಟು ದೊಡ್ಡದಾಗಿ ಆಡೋಣ," ಎಂದು ಕರೆದ.

ಹೋದಳು. ಹೊರಗೆ 'ಅನಂತರಾಜು ಕಲ್ಯಾಣ ಮಂಟಪ' ಎಂಬ ಬೋರ್ಡು ಕಂಡು ನಿಂತಲ್ಲೇ ನಕ್ಕಳು.

ಒಳಗೆ ವೇದಿಕೆಯ ಮೇಲೆ ಮದುಮಕ್ಕಳು ಕೂರುವ ಎರಡು ಕೆಂಪು ಕುರ್ಚಿ. ಬೇರೆ ಕುರ್ಚಿಗಳನ್ನೆಲ್ಲ ಮೂಲೆಗೆ ಪೇರಿಸಿದ್ದರಿಂದ ಇಬ್ಬರೂ ಅವುಗಳಲ್ಲೇ ಕೂತರು. ಕೆಳಗೆ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವನ ಅಜ್ಜಿ ಮುನಿಕೆಂಪಮ್ಮ, ಎಲೆ ಅಡಿಕೆ ಮೆಲ್ಲುತ್ತಾ, ಇಡೀ ಸಭೆಯ ಪರವಾಗಿ.

ಪರದೆಯ ಮೇಲೆ ಒಂದು ಅಸ್ಥಿಪಂಜರ ಬಂದು ಇಂಗ್ಲಿಷಿನಲ್ಲಿ ಏನೋ ಗೊಣಗಿತು. ಜಪಾನಿ ಶ್ಲೇಷೆ ಇಂಗ್ಲಿಷಿಗೆ ಬರುವಷ್ಟರಲ್ಲಿ ಸತ್ತುಹೋಗಿತ್ತು.

"ಇದ್ರಲ್ಲಿ ನಗೋದೇನಿದೆ?" ಎಂದಳು ಹರ್ಷಿತಾ.

"ಅದನ್ನ ಬಿಡಿ. ನಾವು ಕನ್ನಡದಲ್ಲಿ ಹೇಳ್ಕೊಳ್ಳೋಣ." ಅವನು ದನಿ ನಡುಗಿಸಿದ. "ಅಮ್ಮಾ... ಎರಡು ದಿನದಿಂದ ಮೈಯಲ್ಲಿ ಹುಷಾರಿಲ್ಲ..."

"ಮೈಯೇ ಇಲ್ವಲ್ಲೋ ನಿಂಗೆ!" ಎಂದು ಕಿರುಚಿ ಅವಳು ಬಟನ್ ಒತ್ತಿದಳು.

ಸರಿಯಾದ ಕ್ಷಣ! ಅಸ್ಥಿಪಂಜರ ನಕ್ಕು ನಕ್ಕು ಮೂಳೆಮೂಳೆಯಾಗಿ ಉದುರಿತು. ಅಜ್ಜಿ ಚಪ್ಪಾಳೆ ಹೊಡೆದರು.

"ಆ ಉಡ್ಗಿ ಸಂದಾಗ್ ಬಯ್ತದೆ ಕಣೋ! ಇನ್ನೊಂದ್ ಕಿತ ಬಯ್ಯವ್ವಾ!"

ಹರ್ಷಿತಾಗೆ ಆಗ ಅರ್ಥವಾಯಿತು. ಇದರಲ್ಲಿ ರಾಕ್ಷಸರನ್ನು ಗೆಲ್ಲಲು ಕತ್ತಿ ಕೆಲಸಕ್ಕೆ ಬರುವುದಿಲ್ಲ, ಸರಿಯಾದ ಕ್ಷಣಕ್ಕೆ ಬೈದು ನಗಿಸಬೇಕು. ಪೆದ್ದ ಏನಾದರೂ ಒದರಿದಾಗ ಜೊತೆಗಾರ ಸುಮ್ಮನಿದ್ದರೆ ಪೆದ್ದನಿಗೇ ಪೆಟ್ಟು. ಯಾರನ್ನಾದರೂ ಬದುಕಿಸಲು ಅವರ ಮಾತನ್ನು ಕಿವಿಗೊಟ್ಟು ಕೇಳಬೇಕು. ಎಂಥ ವಿಚಿತ್ರ, ಎಂಥ ಚೆಂದದ ಯುದ್ಧ!

ಕ್ಲಿನಿಕ್ ಮುಗಿಸಿ ಬಾಗಲೂರಿಗೆ ಹೋಗುವುದು ರೂಢಿಯಾಯಿತು. 'ನೀವು' ಹೋಗಿ 'ನೀನು' ಬಂತು. ಅವಳ ನಗು ಖಾಲಿ ಹಾಲಿನಲ್ಲಿ ಪ್ರತಿಧ್ವನಿಸಿ ಎರಡು ಸಲ ಕೇಳುತ್ತಿತ್ತು. ಅನಂತರಾಜುವಿಗೆ ಎರಡೂ ಸಾಲುತ್ತಿರಲಿಲ್ಲ.

ಒಂದು ಸಂಜೆ ಮಾತ್ರ ಅವಳು ನಗಲಿಲ್ಲ. ಗೇಮಿನಲ್ಲಿ ಪೆದ್ದನ ತಾಯಿ ಸೇತುವೆಯ ಬಳಿ ಮಗನನ್ನು ಬೀಳ್ಕೊಡುತ್ತಿದ್ದಳು. ಸಂಗೀತ ಮೆಲ್ಲಗಾಯಿತು. ತಾಯಿ ಬಾಯಿ ತೆರೆದಳು... ಮೇಲಿಂದ ಬಕೆಟ್ಟೊಂದು ಅವಳ ತಲೆಗೆ ಬಿತ್ತು.

ಅನಂತರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. "ಇದೇ ನೋಡು ಇದರ ಚೆಂದ!"

"ಇದೇ ಇದರ ಕೊರತೆ," ಎಂದಳು. "ಇದಕ್ಕೆ ಭಯ ಕಣೋ. ಅಳು ಬರೋ ಹೊತ್ತಿಗೆ ಸರಿಯಾಗಿ ಯಾರ ತಲೆ ಮೇಲಾದ್ರೂ ಬಕೆಟ್ ಹಾಕುತ್ತೆ. ಆ ತಾಯಿ ಏನ್ ಹೇಳ್ಬೇಕು ಅಂತಿದ್ಲು? ನನಗದು ಬೇಕಿತ್ತು."

ಅವಳು ಅವನ ಮುಖ ನೋಡಿದಳು. ಆ ತಾಯಿಗೆ ಆಗದ್ದು ತನಗಾದರೂ ಆಗಲಿ ಎಂಬ ಹುಚ್ಚು ಧೈರ್ಯ ಎದೆಯೊಳಗೆ ಎದ್ದಿತು.

"ಅನಂತೂ... ಒಂದ್ ಮಾತು. ನಿನ್ನ ಜೊತೆ ಇದ್ರೆ ನನಗೆ ಬೇರೆ ಎಲ್ಲೂ ಇರ್ಬೇಕು ಅನ್ಸಲ್ಲ. ನೀನಂದ್ರೆ ನನಗೆ..."

"ಏಯ್, ಸಾಕ್ ನಿಲ್ಸೇ!"

ಅವನು ಕಿರುಚಿದ. ಬಟನ್ ಒತ್ತಿದ. ಗೇಮಿನಲ್ಲಿ ಬೈಯುವಾಗಿನದೇ ದನಿ.

ಪರದೆಯ ಮೇಲೆ ಯಾರೋ ಚಪ್ಪಾಳೆ ಹೊಡೆದರು. ಹರ್ಷಿತಾ ಕೈಯಲ್ಲಿದ್ದ ಕಂಟ್ರೋಲರನ್ನು ಕುರ್ಚಿಯ ಮೇಲಿಟ್ಟಳು.

"ಟೈಮಿಂಗ್ ಚೆನ್ನಾಗಿತ್ತು," ಎಂದಳು ಮೆಲ್ಲಗೆ. ಬ್ಯಾಗ್ ಎತ್ತಿಕೊಂಡು ಹೊರಟುಹೋದಳು.

ಓದುಗರೇ, ಅವನ ಮೇಲೆ ಸಿಟ್ಟಾಗುವ ಮುನ್ನ ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ನಿಮಗೆ ತಿಳಿಯಲಿ. ಆಷಾಢದಲ್ಲಿ ಮಾತಾದ ಶುಭಕಾರ್ಯ ಉಳಿಯುವುದಿಲ್ಲ, ಮುರಿದು ಬೀಳುತ್ತದೆ ಎಂದು ಮುನಿಕೆಂಪಮ್ಮ ಮೊಮ್ಮಗನಿಗೆ ಹಾಲಿನ ಜೊತೆಗೇ ಕುಡಿಸಿದ್ದರು. ಅವನು ಕೈಯಲ್ಲಿ ಹೊಚ್ಚ ಹೊಸ ಫೋನ್ ಹಿಡಿದ ಹುಡುಗ; ಆದರೆ ಆಷಾಢದಲ್ಲಿ ಒಂದೇ ಒಂದು ಮದುವೆ ಬುಕಿಂಗೂ ತೆಗೆದುಕೊಂಡವನಲ್ಲ. ಶ್ರಾವಣದ ಮೊದಲ ದಿನ ತಾನೇ ಹೇಳಬೇಕೆಂದು ಕಾಯುತ್ತಿದ್ದ. ಅವಳ ಮಾತು ಪೂರ್ತಿಯಾದರೆ ಎಲ್ಲಿ ಮುರಿದು ಬೀಳುತ್ತದೋ ಎಂದು ಗಾಬರಿಯಾದ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅದೊಂದೇ ಮಾತು!

ಬಸ್ಸಿನ ಕಿಟಕಿಗೆ ಹಣೆಯೊತ್ತಿ ಕೂತ ಹರ್ಷಿತಾಗೆ ಇದಾವುದೂ ತಿಳಿಯದು. 'ನನ್ನ ಮನಸ್ಸು ಅವನಿಗೆ ಬರೀ ಪೆದ್ದು ಮಾತು... ಬೈದು ಪಾಯಿಂಟ್ ಗೆಲ್ಲೋಕೆ ಸಿಕ್ಕ ಮಾತು!'

ಅವನು ಫೋನ್ ಮಾಡಿದ. ಎತ್ತಲಿಲ್ಲ. ಮೆಸೇಜಿಗೆ ಉತ್ತರವಿಲ್ಲ. ಕೆಲವು ದಿನಗಳ ನಂತರ ಅವಳ ವಿಡಿಯೋ ಬಂತು.

ಪೇರಿಸಿದ ಕುರ್ಚಿಗಳ ನಡುವೆ ಕೂತು ಅವನು ನೋಡಿದ.

"ನಮಸ್ಕಾರ. ಇವತ್ತಿನ ಗೇಮು ಬಾಕಾ ನೋ ತಾಬಿ. ಒಬ್ಬರೇ ಆಡ್ಬೇಡಿ, ಬೋರಾಗುತ್ತೆ. ಜೊತೆಗೆ ಸರಿಯಾದವರು ಸಿಕ್ಕರೆ ಇದರಷ್ಟು ನಗಿಸೋ ಗೇಮು ಇನ್ನೊಂದಿಲ್ಲ. ಇದಕ್ಕೆ ಮುಂಚೆ ಯಾವತ್ತೂ ಇಷ್ಟು ನಕ್ಕಿದ್ದು ನನಗೆ ನೆನಪಿಲ್ಲ." ಅವಳು ಒಂದು ಕ್ಷಣ ಕ್ಯಾಮೆರಾದಿಂದ ಕಣ್ಣು ತೆಗೆದಳು. "ಆದ್ರೆ ಇದನ್ನ ನಂಬೋಕಾಗಲ್ಲ. ಮುಖ ನೋಡ್ಕೊಂಡು ಒಂದೇ ಒಂದು ನಿಜ ಹೇಳೋ ಧೈರ್ಯ ಇದಕ್ಕಿಲ್ಲ. ನಾವು ಹೇಳೋಕೆ ಹೋದ್ರೂ ಬಿಡಲ್ಲ. ಐದರಲ್ಲಿ ಎರಡೂವರೆ."

ಗೇಮಿಗೆ ಅಷ್ಟು ಕಡಿಮೆ ಅಂಕ ಬಂದದ್ದಕ್ಕೆ ಅವನಿಗೆ ದುಃಖವಾಗಲಿಲ್ಲ. ಅವಳ ಕಣ್ಣಿನ ಕೆಳಗೆ ಊದಿಕೊಂಡಿತ್ತು. ಅದನ್ನೇ ನೋಡುತ್ತಾ ಕೂತ.

"ಅಜ್ಜೀ, ನಾಳೆ ಬೆಳಿಗ್ಗೆ ಕೆಂಪಾಪುರಕ್ಕೆ ಹೋಗ್ತೀನಿ. ಆ ಹುಡುಗಿ ಹತ್ರ ಮಾತಾಡ್ಬೇಕು."

"ನಾಳೆ ಅಮಾಸೆ ಕಣೋ! ಆಸಾಡ ಮುಗಿಯಾಕೆ ಅದೊಂದೇ ದಿನ ಇರೋದು. ಒಂದ್ ದಿನ ತಡ್ಕಳಾಕಾಗಲ್ವ?"

"ಅವಳು ಅಳ್ತಾ ಇದಾಳೆ ಅಜ್ಜಿ."

ಮುನಿಕೆಂಪಮ್ಮ ಎಲೆ ಅಡಿಕೆ ಉಗಿದು ಬಂದರು. ಮೊಮ್ಮಗನ ಶರಟಿನ ಕಡೆ ನೋಡಿದರು. "ಗುಂಡಿ ನೆಟ್ಟಗ್ ಆಕ್ಕೊಂಡು ಓಗು," ಎಂದರು.

ಮರುದಿನ ಭೀಮನ ಅಮಾವಾಸ್ಯೆ. ಮದುವೆಯಾದವರು ಗಂಡನಿಗಾಗಿ, ಆಗದವರು ಒಳ್ಳೆಯ ಗಂಡ ಸಿಗಲೆಂದು ಪೂಜೆ ಮಾಡುವ ದಿನ. ಅನಂತರಾಜುವಿಗೆ ಅದು ನೆನಪಾದದ್ದು ಕೆಂಪಾಪುರದ ಮನೆಯ ಬಾಗಿಲಲ್ಲಿ, ಹಸಿರು ರೇಷ್ಮೆ ಸೀರೆಯುಟ್ಟು ಹಣೆಗೆ ಕುಂಕುಮವಿಟ್ಟ ಹರ್ಷಿತಾಳನ್ನು ಕಂಡಾಗ. ದಾರಿಯುದ್ದಕ್ಕೂ ಉರುಹೊಡೆದ ಮಾತುಗಳು ಅಲ್ಲೇ ಉದುರಿದವು.

ಮೊದಲು ಮಾತಾಡಿದ್ದು ಅವಳ ತಾಯಿ ದ್ರೌಪದಮ್ಮ.

"ಯಾರಪ್ಪಾ? ಓ, ಬಾಗಲೂರಿನ ಗೇಮ್ ಹುಡುಗ ಅಲ್ವಾ! ಸರಿಯಾದ್ ಟೈಮಿಗೆ ಬಂದೆ ನೋಡು. ನಮ್ಮ ಮೈದುನನ ಮಗ ಸುರೇಶ ಬರ್ಬೇಕಿತ್ತು, ಆಗ್ಲಿಂದ ಹೆಬ್ಬಾಳ ಫ್ಲೈಓವರ್ ಮೇಲೇ ನಿಂತಿದಾನಂತೆ. ರಾಹುಕಾಲ ಬಂದ್ಬಿಡುತ್ತೆ. ನೀನೇ ಭಂಡಾರ ಒಡೆದುಬಿಡು."

ಹೊಸ್ತಿಲ ಮೇಲೆ, ಒಳಗೆ ನಾಣ್ಯವಿಟ್ಟು ಮುಚ್ಚಿದ ಪುಟ್ಟ ಕಡುಬು ಕೂತಿತ್ತು. ಅದೇ ಭಂಡಾರ. ಪೂಜೆ ಮಾಡಿದವಳ ಅಣ್ಣನೋ ತಮ್ಮನೋ ಮೊಣಕೈಯಿಂದ ಅದನ್ನು ಗುದ್ದಿ ಒಡೆಯಬೇಕು.

ಅಣ್ಣನೋ... ತಮ್ಮನೋ!

ಅನಂತರಾಜು ಕಡುಬನ್ನು ನೋಡಿದ. ಅದು ಅವನನ್ನು ನೋಡಿದಂತಿತ್ತು. ಗೇಮಿನಲ್ಲಿ ಅವನು ಕಂಡ ಯಾವ ರಾಕ್ಷಸನೂ ಇಷ್ಟು ಭಯ ಹುಟ್ಟಿಸಿರಲಿಲ್ಲ.

"ಕೂತ್ಕೊಳಪ್ಪಾ, ನಾಚ್ಕೋಬೇಡ."

ಹರ್ಷಿತಾ ಕೈಕಟ್ಟಿ ಬಾಗಿಲಿಗೆ ಒರಗಿದಳು. ನೊಂದ ಹುಡುಗಿಯರಿಗೆ ಮಾತ್ರ ಬರುವ ಒಂದು ನಗು ನಕ್ಕಳು.

"ಒಡಿಯಣ್ಣಾ."

ಅವನು ಎರಡೂ ಮೊಣಕೈಗಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡ.

"ಆಂಟಿ... ನಾನು ಒಡೆಯಲ್ಲ."

"ಯಾಕೋ? ಮೆತ್ತಗಿದೆ, ಏಟಾಗಲ್ಲ."

"ಏಟಲ್ಲ ಆಂಟಿ. ಒಡೆದ್ರೆ ನಾನು ಅಣ್ಣ ಆಗೋಗ್ತೀನಿ!"

ದ್ರೌಪದಮ್ಮ ಗೊಳ್ಳೆಂದು ನಕ್ಕರು. "ಎಷ್ಟು ತಮಾಷೆ ಮಾಡ್ತಾನೆ ನೋಡೇ ಹರ್ಷಿ!"

ಅವಳು ನಗಲಿಲ್ಲ. ಕಣ್ಣು ಮಾತ್ರ ಎತ್ತಿದಳು. ಈಗ ಅವನೂ ಜೊತೆಗೆ ನಕ್ಕುಬಿಟ್ಟರೆ ಎಲ್ಲವೂ ತಮಾಷೆಯಾಗಿ ಮುಗಿಯುತ್ತದೆ. ಎಷ್ಟು ಸುಲಭ!

"ತಮಾಷೆ ಅಲ್ಲ ಆಂಟಿ." ಅವನ ದನಿ ನಡುಗಿತು, ನಟನೆಯಿಲ್ಲದೆ. "ನನಗೆ ಹರ್ಷಿತಾ ಅಂದ್ರೆ ಪ್ರಾಣ. ಅವಳು ಹೇಳೋಕೆ ಬಂದಾಗ ನಾನು ಹೆದರಿಕೊಂಡು ಬೈದೆ. ಆಷಾಢದಲ್ಲಿ ಹೇಳಿದ್ರೆ ಮುರಿದುಬೀಳುತ್ತೆ ಅಂತ ಹೆದರಿದ್ದೆ. ನಾಳೆ ಶ್ರಾವಣ, ನಾನೇ ಬಂದು ಹೇಳ್ಬೇಕು ಅಂತಿದ್ದೆ."

"ಇವತ್ತೂ ಆಷಾಢನೇ ಅಲ್ವೇನೋ?" ದ್ರೌಪದಮ್ಮನ ನಗು ಯಾವಾಗಲೋ ನಿಂತಿತ್ತು.

"ಹೌದು ಆಂಟಿ. ಅವಳು ಇನ್ನೊಂದಿನ ಅಳ್ತಾ ಇರೋದು ನನ್ ಕೈಲಿ ನೋಡೋಕಾಗಲ್ಲ. ಕೆಟ್ಟದ್ದೇನಾದ್ರೂ ಆದ್ರೆ ನನಗಾಗ್ಲಿ."

ದ್ರೌಪದಮ್ಮ ಮಗಳ ಕಡೆ ತಿರುಗಿದರು. ಮಗಳ ಕಣ್ಣಲ್ಲಿ ನೀರು ತುಂಬಿತ್ತು, ಅದರ ಹಿಂದೆ ಎಷ್ಟೋ ದಿನದಿಂದ ಕಾಣದಿದ್ದ ಬೆಳಕಿತ್ತು. ತಾಯಿಗೆ ಬೇರೆ ಉತ್ತರ ಬೇಕಾಗಲಿಲ್ಲ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

"ಹಾ ಸುರೇಶ... ಇನ್ನೂ ಫ್ಲೈಓವರಾ? ಒಡೆಯೋಕೆ ನೀನೇ ಬೇಕು ಕಣಪ್ಪಾ, ಇಲ್ಲಿರೋನು ಆಗಲ್ಲ... ರಾಹುಕಾಲ ಆದ್ರೆ ಆಗ್ಲಿ ಬಿಡು, ನಿಧಾನಕ್ಕೆ ಬಾ." ಫೋನಿಟ್ಟು, "ಒಲೆ ಮೇಲೆ ಹಾಲಿಟ್ಟಿದೀನಿ," ಎಂದು ಒಳಗೆ ನಡೆದರು.

ಒಲೆಯ ಮೇಲೆ ಹಾಲಿರಲಿಲ್ಲ.

ಹೊಸ್ತಿಲ ಆಚೆ ಅವನು, ಈಚೆ ಅವಳು.

"ಆಷಾಢ ಅಂತಾನಾ?!" ಹರ್ಷಿತಾ ಕಣ್ಣೊರೆಸಿಕೊಂಡಳು. "ಅದಕ್ಕೋಸ್ಕರ ನನ್ನನ್ನ ಇಷ್ಟು ಅಳಿಸಿದೆಯಾ?"

"ತಪ್ಪಾಯ್ತು ಹರ್ಷಿ."

"ಬಾಯಿಬಿಟ್ಟು ಹೇಳೋಕೇನಾಗಿತ್ತೋ?"

"ಹೇಳಿದ್ರೆ ಅದೂ ಶುಭದ ಮಾತೇ ಆಗ್ತಿತ್ತಲ್ಲ!"

ಅವಳು ನಕ್ಕಳು. ಅಳುತ್ತಲೇ ನಕ್ಕಳು. ಪೂಜೆಯ ತಟ್ಟೆಯಿಂದ ಕುಂಕುಮ ತೆಗೆದು, ಹೊಸ್ತಿಲ ಆಚೆಗೆ ಬಾಗಿ, ಅವನ ಹಣೆಗಿಟ್ಟಳು. ಅವನು ಕಣ್ಣು ಮುಚ್ಚಿಕೊಂಡ. ಆ ಬೆರಳು ತುಸು ಹೊತ್ತು ಅಲ್ಲೇ ನಿಂತಿತ್ತು.

"ಪೂಜೇಲಿ ಏನ್ ಬೇಡ್ಕೊಂಡೆ?" ಕಣ್ಣು ಮುಚ್ಚಿಯೇ ಕೇಳಿದ.

"ಹೇಳಲ್ಲ."

"ಹೇಳೇ..."

"ಬಾಗಲೂರಿನ ಅನಂತರಾಜುಗೆ ಬುದ್ಧಿ ಕೊಡಪ್ಪಾ ಅಂತ."

"ಕೊಟ್ನಾ?"

"ಅರ್ಧ ಕೊಟ್ಟಿದಾನೆ."

"ಇನ್ನರ್ಧ ಯಾವಾಗಂತೆ?"

"ಬೇಡ ಅಂದ್ಬಿಟ್ಟೆ ಕಣೋ," ಎಂದಳು ಹರ್ಷಿತಾ, ಅವನ ಕೈ ಹಿಡಿದುಕೊಂಡು. "ಪೂರ್ತಿ ಬುದ್ಧಿವಂತನ್ನ ಕಟ್ಕೊಂಡು ನಾನೇನ್ ಮಾಡ್ಲಿ?"